ಕೆಂಪು ಬಾಗಿಲಿನ ಖಾನಾವಳಿ

ಲಂಡನ್ನಿನ ಕಿಂಗ್ಸ್‌ಬರಿಯ ಅಮೃತಪ್ಪನವರು ತಮ್ಮ ಅರವತ್ತಾರು ವರ್ಷದ ಬಾಳಿನಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಒಂದೇ ಮಗುವಿದ್ದವರು ಮಾಡುವ ಹಾಗೆ ಅದನ್ನು ಹನ್ನೆರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದರು.

ಅದು ಹುಟ್ಟಿದ್ದು ತೊಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ. ಅವರು ಟಪಾಲು ವಿಂಗಡಿಸುವ ಕಚೇರಿಯಲ್ಲಿದ್ದರು. ಜೊತೆಯವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಈಲಿ ಎಂಬ ಊರಿಗೆ ಹೊರಟಾಗ ಇವರೂ ಹೊರಟರು. ಲಂಡನ್ನಿನಿಂದ ಎರಡು ತಾಸಿನ ದಾರಿ. ಊರು ಅಂಗೈಯಗಲ, ಚರ್ಚು ಮಾತ್ರ ಆನೆಯಂಥದು. ಬಯಲಿನಲ್ಲಿ ಮೈಲುಗಟ್ಟಲೆ ದೂರದಿಂದಲೇ ಕಾಣುತ್ತದೆ. ಅದೊಂದು ಇರುವುದರಿಂದಲೇ ಅಷ್ಟು ಸಣ್ಣ ಊರನ್ನೂ ಸಿಟಿ ಎಂದು ಕರೆಯುತ್ತಾರೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ಮಧ್ಯಾಹ್ನ ಎಲ್ಲರೂ ಒಂದು ಪಬ್ಬಿಗೆ ಊಟಕ್ಕೆ ನುಗ್ಗಿದರು. ಅಮೃತಪ್ಪನವರು ಬಾಗಿಲಲ್ಲಿ ನಿಂತು ಮೂಸಿದರು. ಒಳಗೆ ಬೇಯುತ್ತಿದ್ದದ್ದು ಕಾಯಿಪಲ್ಯೆ ಅಲ್ಲವೆಂದು ತಿಳಿಯಿತು. ತಲೆನೋವೆಂದು ಹೇಳಿ ಚರ್ಚಿನ ಹಿಂದಿನ ಬೆಂಚಿಗೆ ಬಂದು ಕೂತರು. ಹೆಂಡತಿ ಸುಶೀಲಾಬಾಯಿ ಕಟ್ಟಿಕೊಟ್ಟ ರೊಟ್ಟಿಯ ಡಬ್ಬಿ ಬಸ್ಸಿನಲ್ಲಿತ್ತು. ಬಸ್ಸನ್ನು ಡ್ರೈವರು ಎಲ್ಲಿಯೋ ನಿಲ್ಲಿಸಲು ಒಯ್ದಿದ್ದ.

ಹಸಿವು ತಡೆಯದೆ ಒಂದು ಅಂಗಡಿಯಲ್ಲಿ ಗುಲಾಬಿ ಬಣ್ಣದ ಚಿಪ್ಸ್ ಪ್ಯಾಕೆಟ್ಟು ಕೊಂಡರು. ಗುಲಾಬಿ ಎಂದರೆ ಟೊಮೆಟೊ ಇರಬೇಕು ಎಂದುಕೊಂಡರು. ಕೊನೆಯ ಚೂರನ್ನೂ ಬೆರಳಿಗೆ ಅಂಟಿಸಿಕೊಂಡು ನೆಕ್ಕಿದರು. ಮರಳಿ ಬರುವಾಗ ಬಸ್ಸಿನಲ್ಲಿ ಕನ್ನಡಕ ಏರಿಸಿ ಪ್ಯಾಕೆಟ್ಟಿನ ಮೇಲಿದ್ದುದನ್ನು ಓದಿದರು. ಸಿಗಡಿ. ಪಕ್ಕದಲ್ಲಿ ಅದರ ಚಿತ್ರ, ಮೀಸೆ ಸಮೇತ.

ಏಳು ತಲೆಮಾರಿನಿಂದ ಲಿಂಗ ಕಟ್ಟಿದ ಮನೆತನ. ಅಮೃತಪ್ಪನವರು ಪ್ಯಾಕೆಟ್ಟನ್ನು ಅಡಿಕೆಯಷ್ಟು ಸಣ್ಣದಾಗಿ ಮಡಿಚಿ ಸೀಟಿನ ಸಂದಿಗೆ ತುರುಕಿದರು.

ಮನೆಯಲ್ಲಿ ಸುಶೀಲಾಬಾಯಿ ಡಬ್ಬಿ ತೆಗೆದು ನೋಡಿ ಕೇಳಿದರು: "ರೊಟ್ಟಿ ಹಂಗ ಅದಾವಲ್ಲ. ಮತ್ತ ಏನ ಉಂಡ್ರಿ?"

"ಖಾನಾವಳ್ಯಾಗ ಉಂಡೆ" ಅಂದರು ಅಮೃತಪ್ಪ.

"ಯಾವ ಖಾನಾವಳಿ?"

"ಒಂದೈತಿ. ಕೆಂಪು ಬಾಗಲದ್ದು. ಬಾಗಲಕ್ಕ ಹಿತ್ತಾಳಿ ಗಂಟಿ. ಮುದುಕಿ ಒಬ್ಬಾಕಿ ನಡಸ್ತಾಳ. ಪೂರಾ ಶಾಕಾಹಾರಿ."

ಹೀಗೆ ಒಂದು ಸಿಗಡಿಯ ಭಯದಿಂದ ಈಲಿ ಪಟ್ಟಣದಲ್ಲಿ ಒಂದು ಖಾನಾವಳಿ ತೆರೆಯಿತು. ತೆರೆದ ಮೇಲೆ ನಡೆಸಬೇಕಲ್ಲ. ಮುದುಕಿಗೆ ಮಿಸೆಸ್ ಡಾಬ್ಸನ್ ಎಂದು ಹೆಸರಾಯಿತು. ಆಕೆಗೆ ಒಂದು ಬೆಕ್ಕು ಬಂತು, ಮಂಡಿನೋವು ಬಂತು, ತೊಂಬತ್ತೇಳರಲ್ಲಿ ಕಣ್ಣಿನ ಪೊರೆ ತೆಗೆದರು. ಪಲ್ಯ ತುಂಬಿದ ಕಡಬಿನಂಥ ಪಾಯ್ ಮಾಡುತ್ತಾಳೆ, ಮೇಲೆ ಕರಿಮೆಣಸು ಉದುರಿಸುತ್ತಾಳೆ, ಬಂದವರ ತೊಡೆಯ ಮೇಲೆ ಬಿಳಿ ಬಟ್ಟೆ ತಾನೇ ಹಾಸುತ್ತಾಳೆ. ಕನ್ನಡ ಸಂಘದ ಯುಗಾದಿಯಲ್ಲಿ ಯಾರಾದರೂ ಹೊರಗೆ ತಿರುಗಾಡಲು ಹೋದರೆ ಊಟದ್ದೇ ಪಂಚಾಯ್ತಿ ಎಂದರೆ ಸಾಕು, ಅಮೃತಪ್ಪನವರು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಇದನ್ನೆಲ್ಲ ಬಾಯಿ ತೆರೆದು ಕೇಳುತ್ತಿದ್ದವರೆಂದರೆ ಎರಡು ಮನೆ ಆಚೆಯ ನಿಜಲಿಂಗಪ್ಪ. ಬೈಲಹೊಂಗಲದವರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಬೇರೆಯವರ ಚಾದರ ಒಗೆದವರು. ಅಷ್ಟು ವರ್ಷ ಇಂಗ್ಲೆಂಡಿನಲ್ಲಿದ್ದೂ ಇಂಗ್ಲಿಷಿನವರ ಮೇಜಿಗೆ ಒಮ್ಮೆಯೂ ಕೂತು ಉಂಡಿರಲಿಲ್ಲ. ಯಾವುದರಲ್ಲಿ ಯಾವ ಪ್ರಾಣಿಯ ಕೊಬ್ಬು ಇದೆಯೋ ಎಂಬ ಅಂಜಿಕೆ. ಒಂದು ಸಲ ಹೆಂಡತಿ ರತ್ನವ್ವನನ್ನು ಕರೆದುಕೊಂಡು ಹೋಗಿ, ಅತಿಥಿಯ ಹಾಗೆ ಕುರ್ಚಿಯಲ್ಲಿ ಕೂತು, ಯಾರೋ ಬಡಿಸಿದ್ದನ್ನು ನಿರ್ಭಯವಾಗಿ ಉಣ್ಣಬೇಕು. ಇದೊಂದೇ ಆಸೆ ಅವರದು.

ಪ್ರತಿ ಭಾನುವಾರ ಚಹಕ್ಕೆ ಬಂದಾಗ ಕೇಳುವರು: "ಅಮೃತಪ್ಪ, ಯಾವಾಗ ಕರ್ಕೊಂಡ ಹೋಗ್ತಿಯೋ ನಿನ್ನ ಖಾನಾವಳಿಗೆ?"

"ಈ ಥಂಡಿ ಕಳೀಲಿ."

ಥಂಡಿ ಕಳೆದರೆ ರೈಲು ಹಳಿ ರಿಪೇರಿ. ಹಳಿ ಸರಿಹೋದರೆ ಮಿಸೆಸ್ ಡಾಬ್ಸನ್ನಿಗೆ ಮಂಡಿನೋವು. ಇತ್ತೀಚಿನ ಎರಡು ವರ್ಷವಂತೂ ನಿಜಲಿಂಗಪ್ಪನವರು ಬಹಳ ವಿವರ ಕೇಳುತ್ತಿದ್ದರು.

"ಅಕಿ ಬೆಕ್ಕಿನ ಬಣ್ಣ ಯಾವುದು ಅಂದಿ?"

"ಕಂದು."

"ಹೋದ ವರ್ಷ ಬಿಳಿ ಅಂದಿದ್ದಿ."

"ಅದು ಸತ್ತಿತು. ಇದು ಬ್ಯಾರೆ."

"ಪಾಪ" ಎಂದು ನಿಜಲಿಂಗಪ್ಪ ತಲೆ ತಗ್ಗಿಸಿ ಬಸಿಯ ಚಹವನ್ನು ಬಹಳ ಹೊತ್ತು ಊದುತ್ತಿದ್ದರು. ಸತ್ತ ಬೆಕ್ಕಿಗಾಗಿ ಇಷ್ಟು ಮರುಗುವ ಮನುಷ್ಯ ಎಂದು ಅಮೃತಪ್ಪನವರ ಕರುಳು ಚುರ್ ಎನ್ನುತ್ತಿತ್ತು.

ಎರಡು ಸಾವಿರದ ನಾಲ್ಕನೇ ಇಸವಿಯ ಫೆಬ್ರವರಿಯಲ್ಲಿ ನಿಜಲಿಂಗಪ್ಪ ಬಸ್ ನಿಲ್ದಾಣದಲ್ಲಿ ನಿಂತವರು ಹಾಗೆಯೇ ಕುಸಿದು ತೀರಿಕೊಂಡರು. ಬೈಲಹೊಂಗಲದಲ್ಲಿ ಬೆಳಿಗ್ಗೆ ಹೋದರೆ ಸಂಜೆಗೆ ಮಣ್ಣು. ಲಂಡನ್ನಿನಲ್ಲಿ ಸತ್ತವರೂ ಅಪಾಯಿಂಟ್‌ಮೆಂಟಿಗೆ ಕಾಯಬೇಕು. ಹದಿನಾಲ್ಕನೆಯ ದಿನ, ಹನ್ನೊಂದೂ ಇಪ್ಪತ್ತಕ್ಕೆ, ಕೌನ್ಸಿಲ್ ಸ್ಮಶಾನದಲ್ಲಿ ಜಾಗ ಸಿಕ್ಕಿತು.

ಮೂರನೆಯ ದಿನ ಸಮಾಧಿಯ ಮೇಲೆ ಹಾಲು ತುಪ್ಪ ಹಾಕಿ ಎಡೆ ಇಡಬೇಕು, ಕಾಗೆ ಮುಟ್ಟಬೇಕು ಎಂದು ರತ್ನವ್ವ ಪಟ್ಟು ಹಿಡಿದರು. ಮೂರನೆಯ ದಿನವೆಂದರೆ ಸತ್ತ ಮೂರನೆಯ ದಿನವೋ, ಹೂಳಿದ ಮೂರನೆಯ ದಿನವೋ ಎಂದು ಊರಿಗೆ ಫೋನು ಹೋಯಿತು. ನಮ್ಮ ಧರ್ಮದಲ್ಲಿ ಕಾಗೆಯ ಪದ್ಧತಿಯೇ ಇಲ್ಲ ಎಂದು ಮಠದ ಅಯ್ಯನವರು ಆ ಕಡೆಯಿಂದ ಬಹಳ ಹೊತ್ತು ವಿವರಿಸಿದರು. ರತ್ನವ್ವ ಎಲ್ಲ ಕೇಳಿ, "ನಮ್ಮ ತವರ ಕಡೆ ಐತ್ರಿ" ಎಂದು ಫೋನು ಇಟ್ಟರು.

ಹೂಳಿದ ಮೂರನೆಯ ದಿನ ನಾಲ್ಕು ಜನ ಸ್ಮಶಾನಕ್ಕೆ ಹೋದರು: ರತ್ನವ್ವ, ಕೊಲಿಂಡೇಲಿನ ಫ್ಲಾಟಿನಲ್ಲಿರುವ ಮಗ ನಿತೀಶ, ಅಮೃತಪ್ಪ, ಸುಶೀಲಾಬಾಯಿ. ಅಂಗಡಿಯ ಫ್ರೀಜರಿನಲ್ಲಿದ್ದ ಬಾಳೆಎಲೆ ಬಿಸಿನೀರಿಗೆ ಹಾಕಿದ ಮೇಲೆ ಅಂಚು ಕಪ್ಪಾಗಿ ಅದೂ ಸೂತಕದಲ್ಲಿರುವಂತೆ ಕಾಣುತ್ತಿತ್ತು. ಅದರ ಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ. ಎಲ್ಲರೂ ಹಿಂದೆ ಸರಿದು ನಿಂತರು.

ಮೊದಲು ಬಂದದ್ದು ಕಪ್ಪು ಬಿಳುಪಿನ ಉದ್ದ ಬಾಲದ ಹಕ್ಕಿ. ನೇರವಾಗಿ ಎಣ್ಣೆಗಾಯಿಗೇ ಕೊಕ್ಕು ಹಾಕಿತು.

"ಮುಟ್ಟಿತ್ರಿ" ಅಂದರು ಸುಶೀಲಾಬಾಯಿ, ಕೈಮುಗಿದು. ಅವರ ಮಂಡಿಗೆ ಥಂಡಿ ಇಳಿದಿತ್ತು.

"ಮೈಮ್ಯಾಲ ಬಿಳಿ ಐತಿ. ಅದು ಕಾಗಿ ಅಲ್ಲ" ಎಂದು ರತ್ನವ್ವ ಚಪ್ಪಲಿ ತೋರಿಸಿ ಓಡಿಸಿದರು.

ಪಕ್ಕದ ಗೋರಿಯ ಕಲ್ಲಿನ ಮೇಲೆ ಅಪ್ಪಟ ಕರಿಯ ಕಾಗೆಯೊಂದು ಕೂತಿತ್ತು. ಕೌನ್ಸಿಲ್ಲಿನ ಗುಮಾಸ್ತನ ಹಾಗೆ ಇವರ ಕಡೆ ಬಿಟ್ಟು ಉಳಿದೆಲ್ಲ ಕಡೆ ನೋಡುತ್ತಿತ್ತು. ಅರ್ಧ ತಾಸಾಯಿತು.

"ಏನೋ ಆಸೆ ಉಳದೈತಿ" ಅಂದರು ರತ್ನವ್ವ. "ನಿತೀಶ, ಮಾತ ಕೊಡೋ ನಿಮ್ಮಪ್ಪಗ."

ಮೂವತ್ತನಾಲ್ಕರ ನಿತೀಶ ಕೋಟಿನ ಜೇಬಿನಿಂದ ಕೈ ತೆಗೆದು ಹೇಳಿದ: "ಅಪ್ಪಾ, ಐ ವಿಲ್ ಗೆಟ್ ಮ್ಯಾರೀಡ್."

ಕಾಗೆ ಅಲ್ಲಾಡಲಿಲ್ಲ.

"ಕನ್ನಡದಾಗ ಹೇಳೋ."

"ಮದಿವಿ ಆಗ್ತೀನಪಾ. ದಿಸ್ ಸಮ್ಮರ್."

ಕಾಗೆ ರೆಕ್ಕೆಯ ಸಂದಿ ಕೆರೆದುಕೊಂಡಿತು. ಮನೆ ಮಾರುವುದಿಲ್ಲ ಎಂದು ರತ್ನವ್ವ ಮಾತು ಕೊಟ್ಟರು. ರತ್ನಕ್ಕನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಸುಶೀಲಾಬಾಯಿ ಕೊಟ್ಟರು. ಅಷ್ಟರಲ್ಲಿ ಹಳದಿ ಜಾಕೀಟಿನ ಸ್ಮಶಾನದ ಅಧಿಕಾರಿ ಬಂದು, ಇಲ್ಲಿ ಹಕ್ಕಿಗಳಿಗೆ ಕಾಳು ಹಾಕುವಂತಿಲ್ಲ, ಬೋರ್ಡು ಇದೆ ಎಂದ.

"ಹಕ್ಕಿಗಲ್ಲ, ನನ್ನ ಗಂಡಗ ಅಂತ ಹೇಳು ಅವಗ" ಅಂದರು ರತ್ನವ್ವ. ನಿತೀಶ ಹೇಳಿದ. ಅಧಿಕಾರಿ ಬೋರ್ಡಿನ ಕಡೆಗೊಮ್ಮೆ ನೋಡಿದ. ಅದರಲ್ಲಿ ಗಂಡಂದಿರ ವಿಷಯ ಏನೂ ಬರೆದಿರಲಿಲ್ಲ. ಟೋಪಿ ತೆಗೆದು ಅವನೂ ಸಾಲಿನಲ್ಲಿ ನಿಂತ.

ಆಗ ರತ್ನವ್ವನಿಗೆ ಹೊಳೆಯಿತು.

"ಖಾನಾವಳಿ" ಅಂದರು. "ಅಣ್ಣಾರ, ನೀವು ಕರ್ಕೊಂಡ ಹೋಗ್ತೀನಿ ಅಂದಿದ್ರಲ್ಲ, ಆ ಕೆಂಪು ಬಾಗಲದ ಖಾನಾವಳಿ. ಹೋಗೂ ಹಿಂದಿನ ಭಾನುವಾರನೂ ಅದನ್ನ ಕೇಳ್ಯಾರ."

ಎಲ್ಲರೂ ಅಮೃತಪ್ಪನವರ ಕಡೆ ತಿರುಗಿದರು. ಹಳದಿ ಜಾಕೀಟಿನವನೂ ತಿರುಗಿದ. ಅಮೃತಪ್ಪನವರು ಕಿವಿ ಮುಚ್ಚುವ ಉಣ್ಣೆ ಟೋಪಿಯನ್ನು ಇನ್ನಷ್ಟು ಎಳೆದುಕೊಂಡು ಮುಂದೆ ಬಂದರು. ಹೊಸ ಮಣ್ಣು ಇನ್ನೂ ತಗ್ಗಿರಲಿಲ್ಲ.

"ನಿಜಲಿಂಗ" ಅಂದರು. "ಕರ್ಕೊಂಡ ಹೋಗ್ತೀನಿ."

ಮಾತು ಬಾಯಿಂದ ಪೂರ್ತಿ ಹೊರಗೆ ಬಂದಿರಲಿಲ್ಲ. ಕಾಗೆ ಧಪ್ಪನೆ ಎಲೆಯ ಮೇಲೆ ಇಳಿದು ಅರ್ಧ ಹೋಳಿಗೆ ಕಚ್ಚಿಕೊಂಡು ಮರಕ್ಕೆ ಹಾರಿತು. ರತ್ನವ್ವ ನೆಲಕ್ಕೆ ಕೂತು ಮೊದಲ ಸಲ ಅತ್ತರು. ಹಳದಿ ಜಾಕೀಟಿನವನು ಅಮೃತಪ್ಪನವರ ಬೆನ್ನು ತಟ್ಟಿದ.

ಬದುಕಿದ್ದವನಿಗೆ ಹೇಳಿದ್ದನ್ನು ಮುಂದೂಡಬಹುದು. ಕಾಗೆ ಒಯ್ದದ್ದನ್ನು ಮರಳಿ ಕೇಳಲು ಬರುವುದಿಲ್ಲ. ತಿಂಗಳು ತುಂಬುವುದರೊಳಗೆ ಫೋಟೋ ಒಯ್ದು ಆ ಖಾನಾವಳಿಯ ಮೇಜಿನ ಮೇಲೆ ಎಡೆ ಇಡಬೇಕು ಎಂದು ರತ್ನವ್ವ ನಿಶ್ಚಯಿಸಿದರು. "ರಾತ್ರಿ ಜಿನ್ನಿ ಮೆಟ್ಟಲ ಮ್ಯಾಲ ಅವರ ಕೆಮ್ಮು ಕೇಳಸ್ತೈತ್ರಿ. ಅಲ್ಲಿ ಉಣ್ಣುತನಕ ಅವರಿಗೆ ಕೂಡಾಕ ಜಾಗ ಇಲ್ಲ" ಎನ್ನುತ್ತಿದ್ದರು. ಅವರು ಸರಿಯಾಗಿ ಉಣ್ಣುವುದನ್ನೂ ಬಿಟ್ಟಿದ್ದರು. ಕೈಯಲ್ಲಿ ಉಳಿದಿದ್ದ ಒಂದೇ ಚಿನ್ನದ ಬಳೆ ಮೊಣಕೈವರೆಗೆ ಜಾರುತ್ತಿತ್ತು.

ಸಂಘದಲ್ಲಿ ಸುದ್ದಿ ಹಬ್ಬಿತು. ರೇನರ್ಸ್ ಲೇನಿನ ಡಾಕ್ಟರರ ಹೆಂಡತಿ ಕೃಷ್ಣವೇಣಿ ಮೈಸೂರಿನವರು, ಫೋನು ಮಾಡಿ ಹೇಳಿದರು: "ಅಮೃತಪ್ಪನೋರೇ, ಹೇಗೂ ಹೋಗ್ತಿದೀರಲ್ಲ, ಅಡ್ರೆಸ್ ಬರ್ಕೊಂಡು ಬನ್ನಿ. ನಮ್ಮೆಜಮಾನ್ರ ಅರವತ್ತಕ್ಕೆ ಅಲ್ಲೇ ಇಟ್ಕೊಳೋಣ ಅಂತಿದೀವಿ. ನಲವತ್ತು ಜನ ಹಿಡಿಸ್ತಾರಾ?"

"ಮೂವತ್ತೆಂಟು" ಅಂದರು ಅಮೃತಪ್ಪ. ಚಟ ಅಷ್ಟು ಬೇಗ ಬಿಡುವುದಿಲ್ಲ.

ಖಾನಾವಳಿ ಮುಚ್ಚಿಹೋಗಿದೆ ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು ಎಂದು ನೀವು ಅನ್ನಬಹುದು. ಅಮೃತಪ್ಪನವರಿಗೂ ಅದು ಹೊಳೆಯದೆ ಇರಲಿಲ್ಲ. ಆದರೆ ಮುಚ್ಚಿದರೆ ನಿಜಲಿಂಗಪ್ಪನ ಆಸೆ ಶಾಶ್ವತವಾಗಿ ಉಳಿಯಿತು ಎಂದಾಗುತ್ತದೆ. ರತ್ನವ್ವ ಸಾಯುವವರೆಗೂ ಮೆಟ್ಟಿಲ ಮೇಲಿನ ಕೆಮ್ಮು ಕೇಳಬೇಕು. ತೆರೆದಿದೆ ಎಂದರೆ ತೋರಿಸಬೇಕು. ಅದು ಇರಲೇ ಇಲ್ಲ ಎಂದರೆ ಸಿಗಡಿ ಹೊರಗೆ ಬರುತ್ತದೆ. ಈ ಮೂರರ ನಡುವೆ ಅವರು ಹನ್ನೆರಡು ದಿನ ಹೊರಳಾಡಿದರು. ಹದಿಮೂರನೆಯ ದಿನ ನಿತೀಶ ಬಂದು ಕಾರಿನ ಹಾರ್ನು ಹೊಡೆದ.

ಹಿಂದಿನ ಸೀಟಿನಲ್ಲಿ ರತ್ನವ್ವನಿಗೂ ಸುಶೀಲಾಬಾಯಿಗೂ ನಡುವೆ ಮಾಲೆ ಹಾಕಿದ ನಿಜಲಿಂಗಪ್ಪ. ಫೋಟೋಕ್ಕೂ ಬೆಲ್ಟು ಹಾಕಿದ್ದರು. ಖಾನಾವಳಿಯಲ್ಲಿ ಖಾರ ಸಾಲದಿದ್ದರೆ ಎಂದು ರತ್ನವ್ವ ರೊಟ್ಟಿ ಚಟ್ನಿಯ ಡಬ್ಬಿಯನ್ನೂ ತಂದಿದ್ದರು.

ಈಲಿಯಲ್ಲಿ ಜಿಟಿಜಿಟಿ ಮಳೆ. ಅಮೃತಪ್ಪನವರು ಮುಂದೆ, ಅವರ ಹಿಂದೆ ಮೂವರು ಮತ್ತು ಫೋಟೋ. ಊರಿನ ದೊಡ್ಡ ಬೀದಿಗಳನ್ನೆಲ್ಲ ಎರಡೆರಡು ಸಲ ಸುತ್ತಿದರು. ಊಟದ ಮನೆಗಳಿಗೇನು ಕಡಿಮೆ ಇರಲಿಲ್ಲ. ಒಂದರ ಬಾಗಿಲು ಹಸಿರು, ಒಂದರದು ಗಾಜು. ಮೀನು ಕರಿಯುವ ಅಂಗಡಿಯ ಮುಂದೆ ಅಮೃತಪ್ಪನವರು ಉಸಿರು ಬಿಗಿಹಿಡಿದು ದಾಟಿದರು. ಅಂಕಲ್, ಯೂ ಸೆಡ್ ಯೂ ನೋ ದ ಪ್ಲೇಸ್ ಎಂದು ನಿತೀಶ ಮೂರು ಸಲ ಅಂದ.

ಕೊನೆಗೆ ಒಂದು ಓಣಿಯ ತಿರುವಿನಲ್ಲಿ ಕೆಂಪು ಬಾಗಿಲು ಕಂಡಿತು. ಅದಕ್ಕೆ ಹಿತ್ತಾಳೆಯ ಗಂಟೆಯೂ ಇತ್ತು. ತಾವೇ ಹುಟ್ಟಿಸಿದ್ದು ಎದುರಿಗೆ ಬಂದು ನಿಂತದ್ದನ್ನು ಕಂಡು ಅಮೃತಪ್ಪನವರು ಟೋಪಿ ಮೇಲೆ ಸರಿಸಿ ಇನ್ನೊಮ್ಮೆ ನೋಡಿದರು. ಗಂಟೆ ಬಾರಿಸಿದರು. ಕರಿ ಕೋಟಿನ ಗೃಹಸ್ಥನೊಬ್ಬ ತೆರೆದ. ಮೆಲುದನಿಯಲ್ಲಿ, ಒಳಗೆ ಬನ್ನಿ, ಎಷ್ಟು ಜನ ಎಂದು ಕೇಳಿದ.

"ನಾಲ್ಕು" ಅಂದರು ಅಮೃತಪ್ಪ. ಫೋಟೋ ತೋರಿಸಿ, "ಇವರೂ ಸೇರಿ ಐದು."

ಕರಿ ಕೋಟಿನವನು ಫೋಟೋಕ್ಕೆ ತಲೆ ಬಾಗಿಸಿದ. ಹೂಳುವುದೋ ಸುಡುವುದೋ, ಯೋಚನೆ ಮಾಡಿದ್ದೀರಾ ಎಂದು ಕೇಳಿದ. ಆಗ ಒಳಗಿದ್ದ ಶವಪೆಟ್ಟಿಗೆಗಳು ಕಂಡವು.

ಹೊರಗೆ ಬಂದ ಮೇಲೆ ಸುಶೀಲಾಬಾಯಿ ಗೋಡೆಗೆ ಒರಗಿ, "ಇನ್ನ ನನ್ನಿಂದ ಆಗೂದಿಲ್ರಿ. ಇದ ಅಂಗಡ್ಯಾಗ ನನ್ನನ್ನೂ ಕೊಟ್ಟು ಹೋಗ್ರಿ" ಅಂದರು. ಪಾರ್ಕಿಂಗಿನ ವೇಳೆ ಮುಗಿಯುತ್ತಿತ್ತು. ನಿತೀಶ ಅವರನ್ನು ಕರೆದುಕೊಂಡು ಕಾರಿನ ಕಡೆ ಹೋದ.

ರತ್ನವ್ವ ಮಾತ್ರ ಸೋಲಲಿಲ್ಲ. ಎದುರಿಗೆ ಪ್ರವಾಸಿಗರಿಗೆ ಮಾಹಿತಿ ಕೊಡುವ ಕಚೇರಿಯಿತ್ತು. "ಅಲ್ಲಿ ಕೇಳೂಣು ನಡೀರಿ. ಸರಕಾರದವರಿಗೆ ಗೊತ್ತಿರತೈತಿ."

ಒಳಗೆ ಬಿಳಿಕೂದಲಿನ ಹೆಂಗಸೊಬ್ಬಳು ಇದ್ದಳು, ಕನ್ನಡಕಕ್ಕೆ ಸರ ಕಟ್ಟಿದವಳು. ರತ್ನವ್ವನಿಗೆ ಇಂಗ್ಲಿಷಿನಲ್ಲಿ ಯೆಸ್, ನೋ, ಬಸ್ಸಿನ ನಂಬರು ಇಷ್ಟೇ ಬರುತ್ತಿದ್ದದ್ದರಿಂದ ಅಮೃತಪ್ಪನವರೇ ಕೇಳಬೇಕಾಯಿತು. ಕೆಂಪು ಬಾಗಿಲು, ಹಿತ್ತಾಳೆ ಗಂಟೆ, ಮುದುಕಿ, ಬೆಕ್ಕು, ಶಾಕಾಹಾರಿ ಪಾಯ್. ಹೇಳುತ್ತ ಹೋದಂತೆ ಆಕೆ ಕನ್ನಡಕ ಏರಿಸಿ ಅವರ ಟೋಪಿಯನ್ನೇ ನೋಡತೊಡಗಿದಳು. ಆಮೇಲೆ ಫೋಟೋ ನೋಡಿದಳು. ಒಂದು ದಪ್ಪ ನೋಂದಣಿ ಪುಸ್ತಕ ತೆಗೆದು ಹಾಳೆ ತಿರುವಿದಳು.

ಆಕೆ ಓದಿದ್ದು ಇಷ್ಟು. ಎರಡು ಸಾವಿರದ ಒಂದು, ಜೂನ್: ಲಂಡನ್ನಿನಿಂದ ಒಬ್ಬ ಗೃಹಸ್ಥರು, ಕೆಂಪು ಬಾಗಿಲಿನ ಖಾನಾವಳಿ ಕೇಳಿದರು, ಹುಡುಕಲಾಯಿತು, ಅಂಥದ್ದು ಇಲ್ಲ. ಅದೇ ವರ್ಷ ಸೆಪ್ಟೆಂಬರ್: ಅದೇ ಗೃಹಸ್ಥರು, ಹಳೆಯ ದಾಖಲೆಗಳನ್ನೂ ನೋಡಲಾಯಿತು, ಈ ಊರಿನಲ್ಲಿ ಅಂಥದ್ದು ಎಂದೂ ಇರಲಿಲ್ಲ. ಮುಂದಿನ ವರ್ಷ ಮೇ: ಅದೇ ಗೃಹಸ್ಥರು, ಈ ಸಲ ಏನೂ ಕೇಳಲಿಲ್ಲ, ಒಂದು ಮಾತು ಹೇಳಿ ಹೋದರು. ಕಿವಿ ಮುಚ್ಚುವ ಟೋಪಿಯ ಗಿಡ್ಡ ಮನುಷ್ಯನೊಬ್ಬ ಮುಂದೊಂದು ದಿನ ಜನರನ್ನು ಕಟ್ಟಿಕೊಂಡು ಬಂದು ಇದನ್ನೇ ಕೇಳುತ್ತಾನೆ. ಅವನು ಒಳ್ಳೆಯವನು. ದಯಮಾಡಿ ಖಾನಾವಳಿ ಇತ್ತು, ಹೋದ ವರ್ಷ ಮುಚ್ಚಿತು ಎಂದು ಅವನ ಜನರ ಮುಂದೆ ಹೇಳಿ.

ಆಕೆ ಪುಸ್ತಕ ಮುಚ್ಚಿದಳು. ಇಲ್ಲದಿದ್ದುದನ್ನು ಮುಚ್ಚಿದೆ ಎಂದು ಹೇಳಲು ಈ ಕಚೇರಿಗೆ ಬರುವುದಿಲ್ಲ, ಅದನ್ನು ಆ ಗೃಹಸ್ಥರಿಗೂ ತಿಳಿಸಿದ್ದೆ ಎಂದಳು. ಹೇಳಲು ಕೇಳಿಕೊಂಡಿದ್ದರು ಎಂಬುದನ್ನಷ್ಟೇ ತಿಳಿಸುತ್ತಿದ್ದೇನೆ ಎಂದಳು.

ಅಮೃತಪ್ಪನವರು ಫೋಟೋದ ಕಡೆ ತಿರುಗಿದರು. ಮೂರನೆಯ ಸಲ ಬಂದು ಹೋದ ಮೇಲೂ ನಿಜಲಿಂಗಪ್ಪ ಎರಡು ವರ್ಷ, ಪ್ರತಿ ಭಾನುವಾರ, ಬಸಿಯ ಮೇಲೆ ಬಗ್ಗಿ ಕೇಳಿದ್ದ: ಅಕಿ ಬೆಕ್ಕಿನ ಬಣ್ಣ ಯಾವುದು ಅಂದಿ? ಆತ ಊದಿದ್ದು ಚಹವನ್ನಲ್ಲ. ನಗು ತಡೆದುಕೊಂಡಿದ್ದ.

"ಏನಂತಾಳ್ರಿ ಅಕಿ?" ಅಂದರು ರತ್ನವ್ವ. ಸೆರಗಿನಿಂದ ಫೋಟೋದ ಮೇಲಿನ ಮಳೆಹನಿ ಒರೆಸುತ್ತಿದ್ದರು. ಕೈಬಳೆ ಮೊಣಕೈಗೆ ಜಾರಿತ್ತು.

ಮುಚ್ಚೈತಂತ ಎಂಬ ಮಾತು ಅಮೃತಪ್ಪನವರ ನಾಲಿಗೆಯ ತುದಿಯಲ್ಲಿತ್ತು. ಗೆಳೆಯ ಎರಡು ವರ್ಷ ಮೊದಲೇ ಅಳತೆ ತೆಗೆದು ಹೊಲಿಸಿಟ್ಟು ಹೋದ ಅಂಗಿ, ತೊಟ್ಟುಕೊಂಡರೆ ಸಾಕಿತ್ತು. ಅವರು ಬಳೆಯನ್ನೇ ನೋಡಿದರು.

"ಅಂಥಾದ್ದು ಇರಲೇ ಇಲ್ಲರಿ ವೈನಿ" ಅಂದರು. "ನಾ ಹುಟ್ಟಿಸಿದ್ದು. ಆವತ್ತು ನಾ ಸಿಗಡಿ ಚಿಪ್ಸ್ ತಿಂದಿದ್ದೆ. ನಿಜಲಿಂಗಗ ಗೊತ್ತಿತ್ತು. ಮೂರು ಸಲ ಬಂದು ನೋಡಿ ಹೋಗ್ಯಾನ. ಹೋದ ವರ್ಷ ಮುಚ್ಚಿತು ಅಂದು ನನ್ನ ಮರ್ಯಾದಿ ಉಳಸ್ರಿ ಅಂತ ಇವರಿಗೆ ಹೇಳಿ ಹೋಗ್ಯಾನ. ಅವನಿಗೆ ಇದರ ಆಸೆ ಯಾವಾಗೋ ಹರದಿತ್ತು. ಇದಕ್ಕಾಗಿ ಅವ ಅಡ್ಡಾಡಾಕತ್ತಿಲ್ಲರಿ. ನೀವು ಉಣ್ರಿ."

ರತ್ನವ್ವ ಫೋಟೋವನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡರು. ಹೊರಗೆ ಚರ್ಚಿನ ಗಂಟೆ ಎರಡು ಹೊಡೆಯಿತು.

"ಮತ್ತ ಕಾಗಿ ಯಾಕ ಮುಟ್ಟಿತು?"

"ಗೊತ್ತಿಲ್ರಿ."

"ಮೂರು ಸಲ ಬಂದಿದ್ರಂತಲ್ಲ" ಎಂದರು ರತ್ನವ್ವ ಕೊನೆಗೆ. "ನನಗ ದವಾಖಾನಿಗೆ ಹೊಂಟೀನಿ ಅಂತಿದ್ರು. ಅಷ್ಟೊತ್ತು ಏನ ಉಂಡ್ರು ಅಂತ ಕೇಳ್ರಿ ಅಕಿನ್ನ."

ಅದು ಪುಸ್ತಕದಲ್ಲಿ ದಾಖಲಾಗಿರಲಿಲ್ಲ. ಆದರೆ ಬಿಳಿಕೂದಲಿನವಳಿಗೆ ನೆನಪಿತ್ತು. ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದರು. ಒಮ್ಮೆ ತನಗೂ ಕೊಟ್ಟಿದ್ದರು: ದುಂಡಗಿನ, ರಟ್ಟಿನಂಥ ಒಂದು ವಸ್ತು, ಮೇಲೆ ಕೆಂಪು ಪುಡಿ. ಅರ್ಧ ದಿನ ತನಗೆ ಮಾತಾಡಲು ಆಗಲಿಲ್ಲ ಎಂದಳು.

ಅಮೃತಪ್ಪನವರು ಇದನ್ನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದರು.

"ಖಾರ ಜಾಸ್ತಿ ಆಗಿತ್ತು ಆ ಸಲ" ಅಂದರು ರತ್ನವ್ವ.

ಅದೇ ಬೆಂಚು. ಮಳೆ ನಿಂತಿತ್ತು. ರತ್ನವ್ವ ಫೋಟೋವನ್ನು ಬೆಂಚಿಗೆ ಒರಗಿಸಿ ಡಬ್ಬಿಯ ಮುಚ್ಚಳದಲ್ಲಿ ರೊಟ್ಟಿ, ಚಟ್ನಿ ಇಟ್ಟು ಅದರ ಮುಂದೆ ಸರಿಸಿದರು. ಚರ್ಚಿನ ಗೋಪುರದಿಂದ ಸಣ್ಣ ಸಣ್ಣ ಕಾಗೆಗಳು ಇಳಿದು ಹುಲ್ಲಿನ ಮೇಲೆ ಸಾಲಾಗಿ ಕೂತವು.

"ಕೊಳ್ಳ ನೋಡ್ರಿ, ಬೂದಿ ಬಣ್ಣ" ಅಂದರು ರತ್ನವ್ವ. "ಥೇಟ್ ನಮ್ಮೂರ ಕಾಗಿ."

ಬಂದವೇ ಹೊರತು ಯಾವುದೂ ಹತ್ತಿರ ಸುಳಿಯಲಿಲ್ಲ. ಅಮೃತಪ್ಪನವರು ತಲೆ ಎತ್ತಲಿಲ್ಲ. ಕೊಡಲು ಅವರ ಹತ್ತಿರ ಇನ್ನು ಯಾವ ಮಾತೂ ಉಳಿದಿರಲಿಲ್ಲ.

ಸುಶೀಲಾಬಾಯಿ ನಿತೀಶನ ತೋಳು ಹಿಡಿದುಕೊಂಡು ಕುಂಟುತ್ತ ಬಂದರು. ಗಂಡನ ಮುಖ ನೋಡಿದರು, ಬೆಂಚಿನ ಮೇಲಿನ ಡಬ್ಬಿ ನೋಡಿದರು.

"ಇಲ್ಯಾಕ ಕುಂತೀರಿ? ಸಿಕ್ಕಿತೇನು ಖಾನಾವಳಿ? ಕೃಷ್ಣವೇಣಿ ಎರಡ ಸಲ ಫೋನ್ ಮಾಡಿದ್ಳು, ಅಡ್ರೆಸ್ ಬೇಕಂತ."

ಅಮೃತಪ್ಪನವರು ಬಾಯಿ ತೆರೆದರು. ಅವರಿಗಿಂತ ಮೊದಲು ರತ್ನವ್ವ ಹೇಳಿದರು:

"ಮುಚ್ಚೈತಂತ್ರಿ. ಹೋದ ವರ್ಷನ. ಪಾಪ, ಆ ಮುದುಕಿಗೆ ಮಂಡಿನೋವು ಬಾಳ ಆತಂತ."

ಕಾಗೆಗಳು ಎಲ್ಲವೂ ಒಟ್ಟಿಗೆ ಎಡೆಯ ಮೇಲೆ ಎರಗಿದವು. ಮುಚ್ಚಳ ಉರುಳಿತು, ಫೋಟೋ ಮಗುಚಿಬಿತ್ತು, ಚಟ್ನಿಯ ಪುಡಿ ಹುಲ್ಲಿಗೆಲ್ಲ ಹಾರಿತು. ರತ್ನವ್ವ ಯಾವುದನ್ನೂ ಓಡಿಸಲಿಲ್ಲ. ಡಬ್ಬಿಯಿಂದ ಇನ್ನೊಂದು ರೊಟ್ಟಿ ತೆಗೆದು ಮುರಿದು, ಅರ್ಧ ಅಮೃತಪ್ಪನವರ ಕೈಗೆ ಇಟ್ಟು, ಉಳಿದರ್ಧ ತಾವು ತಿನ್ನತೊಡಗಿದರು.

"ಅಯ್ಯ ಶಿವನ" ಅಂದರು ಸುಶೀಲಾಬಾಯಿ, ಬೆಂಚಿನ ತುದಿಗೆ ಕೂತು ಮಂಡಿ ನೀವಿಕೊಳ್ಳುತ್ತ. "ಒಂದ ವರ್ಷ ಮೊದ್ಲ ಬರಬೇಕಿತ್ತು ನೋಡ್ರಿ. ಮತ್ತ ಆ ಬೆಕ್ಕು ಈಗ ಎಲ್ಲೈತಂತ?"